ಮಾನಸ್ತಂಭದೆದುರು ಕರಗಿದ ಮಾನ

ಮಗಧದ ಇಂದ್ರಭೂತಿ ಗೌತಮನು ವೇದವೇದಾಂಗ ಪಾರಂಗತ. ಐನೂರು ಶಿಷ್ಯರ ಗುರು. ಭಗವಾನ್ ಮಹಾವೀರರಿಗೆ ಕೇವಲಜ್ಞಾನವಾಗಿ 66 ದಿನಗಳು ಕಳೆದರೂ ಯೋಗ್ಯ ಗಣಧರನಿಲ್ಲದೆ ದಿವ್ಯಧ್ವನಿ ಹೊರಡಲಿಲ್ಲವೆಂದು ನಮ್ಮ ಪುರಾಣಗಳು ಹೇಳುತ್ತವೆ. ಆಗ ಇಂದ್ರನು ವೃದ್ಧ ವಿಪ್ರನ ವೇಷದಲ್ಲಿ ಬಂದು ಷಡ್ದ್ರವ್ಯ, ಪಂಚಾಸ್ತಿಕಾಯಗಳ ಅರ್ಥವನ್ನು ಗೌತಮನಲ್ಲಿ ಕೇಳಿದನು. ಉತ್ತರ ತೋಚದ ಪಂಡಿತನು ಮಹಾವೀರರೊಡನೆಯೇ ವಾದಿಸಲು ರಾಜಗೃಹದ ವಿಪುಲಾಚಲಕ್ಕೆ ನಡೆದನು. ಸಮವಸರಣದ ಮಾನಸ್ತಂಭವನ್ನು ಕಂಡೊಡನೆ ಗರ್ವವಿಳಿಯಿತು. ಪ್ರಶ್ನೆಗೆ ಇನ್ನೂ ಉತ್ತರ ದೊರೆತಿರಲಿಲ್ಲ. ಹೃದಯವು ಮಾತ್ರ ತೆರೆದಿತ್ತು. ವಾದಕ್ಕೆ ಬಂದವನು ದೀಕ್ಷೆ ಪಡೆದು ಪ್ರಥಮ ಗಣಧರನಾದನು. ದಿವ್ಯಧ್ವನಿಯನ್ನು ಗ್ರಹಿಸಿ ದ್ವಾದಶಾಂಗವನ್ನು ರಚಿಸಿದನು. ರತ್ನತ್ರಯದಲ್ಲಿ ಸಮ್ಯಗ್ಜ್ಞಾನಕ್ಕಿಂತ ಮೊದಲು ಸಮ್ಯಗ್ದರ್ಶನವಿರುವುದೇಕೆಂಬುದಕ್ಕೆ ಈ ಜೀವನವೇ ಉತ್ತರ. ವೀರನಿರ್ವಾಣದ ದಿನವೇ ಗೌತಮಸ್ವಾಮಿಗಳಿಗೂ ಕೇವಲಜ್ಞಾನವಾಯಿತು. ದೀಪಾವಳಿಯ ಸಂಜೆ ನಾವು ಬೆಳಗುವ ದೀಪವು ಆ ಜ್ಞಾನದ ಸ್ಮರಣೆ. ಹಚ್ಚುವ ಮುನ್ನ ನಮ್ಮ ಮಾನವನ್ನೂ ತುಸು ಇಳಿಸೋಣ.