ಮದ್ದಿಗೆ ದಾರಿ ತೋರಿದಾಕೆ

ನಾವು ನುಂಗುವ ಗುಳಿಗೆಯೂ ದೇಹದೊಳಗೆ ರೋಗದೊಡನೆ ಸೆಣಸುವ ವಸ್ತುವೂ ಒಂದೇ ಎಂಬುದು ಸಾಮಾನ್ಯವಾದ ನಂಬಿಕೆ. ಹಲವು ಮದ್ದುಗಳ ವಿಷಯದಲ್ಲಿ ಅದು ನಿಜವೂ ಹೌದು. ಆದರೆ ನುಂಗುವಾಗ ಒಂದು, ಕೆಲಸ ಮಾಡುವಾಗ ಇನ್ನೊಂದು ಆಗಿರುವ ಮದ್ದುಗಳೂ ಉಂಟು. ಅವು ದೇಹವನ್ನು ಹೊಕ್ಕ ಮೇಲೆ ಅಲ್ಲಿನ ಕಿಣ್ವಗಳ ಕೈಯಲ್ಲಿ ರೂಪಾಂತರ ಹೊಂದಿ ನಿಜವಾದ ಔಷಧವಾಗುತ್ತವೆ. ಇಂಗ್ಲಿಷಿನಲ್ಲಿ ಇವಕ್ಕೆ ಪ್ರೋಡ್ರಗ್ ಎಂದು ಹೆಸರು. ನಾವು ಪೂರ್ವೌಷಧ ಎನ್ನೋಣ. ವೈರಸ್ ರೋಗಗಳ ಚಿಕಿತ್ಸೆಯಲ್ಲಿ ಈ ವಿದ್ಯೆ ಹೇಗೆ ಬೆಳೆಯಿತೆಂದು ತಿಳಿಯಬಯಸುವವರು ಗರ್ಟ್ರೂಡ್ ಎಲಿಯನ್ ಎಂಬ ವಿಜ್ಞಾನಿಯ ಬಾಳನ್ನು ಅರಿಯಬೇಕು. ನಮ್ಮ ತರಗತಿಗಳಲ್ಲಿ ಆಕೆಯ ಹೆಸರು ಬಂದರೂ ನೊಬೆಲ್ ಬಹುಮಾನದ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಆ ಒಂದು ಸಾಲು ಸಾಲದೆಂದು ನನಗೆ ತೋರಿದ್ದರಿಂದ ಈ ಬರಹ.

ಎಲಿಯನ್ 1918ರ ಜನವರಿ 23ರಂದು ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ತಂದೆ ಲಿಥುವೇನಿಯದಿಂದ ಎಳವೆಯಲ್ಲಿಯೇ ವಲಸೆ ಬಂದು ದಂತವೈದ್ಯರಾದವರು. 1929ರಲ್ಲಿ ಷೇರುಪೇಟೆ ಕುಸಿದಾಗ ಮನೆಯ ಸಂಪತ್ತು ಕರಗಿಹೋಯಿತು. ಹಂಟರ್ ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಶುಲ್ಕವಿಲ್ಲದೆ ವಿದ್ಯೆ ದೊರೆಯುತ್ತಿದ್ದುದರಿಂದ 1933ರಲ್ಲಿ, ತನ್ನ 15ನೆಯ ವಯಸ್ಸಿನಲ್ಲಿ, ಆಕೆ ಅಲ್ಲಿಗೆ ಸೇರಿದರು. ಆ ಹೊತ್ತಿಗೆ ಅಕ್ಕರೆಯ ಅಜ್ಜ ಹೊಟ್ಟೆಯ ಕ್ಯಾನ್ಸರಿನಿಂದ ನರಳಿ ತೀರಿಕೊಂಡಿದ್ದರು. ಆ ನೋವನ್ನು ಕಣ್ಣಾರೆ ಕಂಡ ಹುಡುಗಿ ರಸಾಯನಶಾಸ್ತ್ರವನ್ನು ಆರಿಸಿಕೊಂಡಳು.

1937ರಲ್ಲಿ ಪದವಿಯೇನೋ ಕೈಸೇರಿತು. ಕೆಲಸ ಮಾತ್ರ ಸಿಗಲಿಲ್ಲ. ಉನ್ನತ ವ್ಯಾಸಂಗದ ಸಹಾಯಧನಕ್ಕಾಗಿ 15 ಕಡೆ ಅರ್ಜಿ ಹಾಕಿದರೂ ಫಲವಾಗಲಿಲ್ಲ. ಹೆಣ್ಣೊಬ್ಬಳು ಪ್ರಯೋಗಾಲಯಕ್ಕೆ ಬಂದರೆ ಉಳಿದವರ ಗಮನ ಕೆಡುತ್ತದೆಂದು ಹೇಳಿ ಕಳುಹಿಸಿದವರೂ ಇದ್ದರು. ದಾದಿಯರಿಗೆ ಕೆಲವು ತಿಂಗಳು ಪಾಠ ಹೇಳಿದರು. ಒಬ್ಬ ರಸಾಯನಜ್ಞರ ಬಳಿ ಸಂಬಳವಿಲ್ಲದೆ ದುಡಿದರು. ಶಾಲಾ ಉಪಾಧ್ಯಾಯಿನಿಯಾಗಿ ಹೊಟ್ಟೆ ಹೊರೆಯುತ್ತ 1941ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಸ್ನಾತಕೋತ್ತರ ಪದವಿ ಪಡೆದರು. ಬಳಿಕ ಆಹಾರ ಪದಾರ್ಥಗಳ ಕಂಪನಿಯೊಂದರಲ್ಲಿ ಉಪ್ಪಿನಕಾಯಿಯ ಹುಳಿಯನ್ನು ಅಳೆಯುವ ಕೆಲಸ ದೊರೆಯಿತು. ಅದೇ 1941ರಲ್ಲಿ, ಆಕೆಯನ್ನು ವರಿಸಬೇಕಾಗಿದ್ದ ತರುಣ ಹೃದಯದ ಒಳಪೊರೆಗೆ ತಗಲಿದ ಬ್ಯಾಕ್ಟೀರಿಯಾ ಸೋಂಕಿನಿಂದ ಮಡಿದ. ಕೆಲವೇ ವರ್ಷಗಳಲ್ಲಿ ಪೆನಿಸಿಲಿನ್ ಬಂದು ಆ ರೋಗ ಗುಣವಾಗುವಂತಾಯಿತು. ಮದ್ದು ತಡವಾದರೆ ಏನಾಗುತ್ತದೆಂಬುದನ್ನು ಆಕೆ ಯಾವ ಗ್ರಂಥದಿಂದಲೂ ಕಲಿಯಬೇಕಾಗಿರಲಿಲ್ಲ. ಮುಂದೆ ಆಕೆ ಮದುವೆಯಾಗಲಿಲ್ಲ.

ಮಹಾಯುದ್ಧದಿಂದಾಗಿ ಪ್ರಯೋಗಾಲಯಗಳಲ್ಲಿ ಗಂಡಸರ ಸಂಖ್ಯೆ ಇಳಿದಾಗ ಹೆಂಗಸರಿಗೆ ಅಲ್ಲಿ ಎಡೆ ದೊರೆಯಿತು. 1944ರಲ್ಲಿ ಎಲಿಯನ್ ಬರೋಸ್ ವೆಲ್ಕಮ್ ಔಷಧ ಸಂಸ್ಥೆಯನ್ನು ಸೇರಿ ಜಾರ್ಜ್ ಹಿಚಿಂಗ್ಸ್ ಅವರ ಸಹಾಯಕಿಯಾದರು. ಸಂಜೆಯ ತರಗತಿಗಳಿಗೆ ಹೋಗಿ ಡಾಕ್ಟೊರೇಟ್ ವ್ಯಾಸಂಗವನ್ನೂ ಆರಂಭಿಸಿದರು. ಪೂರ್ಣಾವಧಿ ವಿದ್ಯಾರ್ಥಿಯಾಗದೆ ಪದವಿಯಿಲ್ಲವೆಂದು ಅಲ್ಲಿ ತಿಳಿಸಿದಾಗ ಕೆಲಸ, ಪದವಿ ಎರಡರಲ್ಲಿ ಒಂದನ್ನು ಆರಿಸಬೇಕಾಯಿತು. ಆಕೆ ಕೆಲಸವನ್ನು ಉಳಿಸಿಕೊಂಡರು.

ಹಿಚಿಂಗ್ಸ್ ಅವರ ಆಲೋಚನೆ ಸರಳವಾಗಿತ್ತು. ಜೀವಕೋಶಗಳಾಗಲಿ ಹಲವು ವೈರಸ್ಸುಗಳಾಗಲಿ ವೃದ್ಧಿಯಾಗಬೇಕಾದರೆ ಡಿಎನ್‌ಎ ಬೇಕು; ಅದನ್ನು ಕಟ್ಟುವ ಇಟ್ಟಿಗೆಗಳಲ್ಲಿ ಪ್ಯೂರೀನುಗಳು ಮುಖ್ಯವಾದವು. ಅವನ್ನೇ ಹೋಲುವ ಖೋಟಾ ಇಟ್ಟಿಗೆಯನ್ನು ಒದಗಿಸಿದರೆ ಕಟ್ಟಡ ಮೇಲೇಳದು. ಈ ದಾರಿಯಲ್ಲಿ ಎಲಿಯನ್ ತಯಾರಿಸಿದ 6-ಮರ್ಕ್ಯಾಪ್ಟೊಪ್ಯೂರೀನ್ 1953ರಲ್ಲಿ ರಕ್ತದ ಕ್ಯಾನ್ಸರಿಗೆ ತುತ್ತಾದ ಮಕ್ಕಳಿಗೆ ಮದ್ದಾಗಿ ಬಂದಿತು. ಆದರೆ ಇದರ ಬಹುಭಾಗವನ್ನು ದೇಹದ ಕಿಣ್ವವೊಂದು ನಾಶಮಾಡುತ್ತಿತ್ತು. ಆ ಕಿಣ್ವವನ್ನು ತಡೆಯಲು ಹೊರಟಾಗ ದೊರೆತದ್ದು ಗೌಟ್ ಎಂಬ ಕೀಲುರೋಗಕ್ಕೆ ಇಂದಿಗೂ ಕೊಡುವ ಅಲೊಪ್ಯೂರಿನಾಲ್. ಅದೇ ಮರ್ಕ್ಯಾಪ್ಟೊಪ್ಯೂರೀನಿಗೆ ಒಂದು ರಾಸಾಯನಿಕ ಹೊದಿಕೆ ತೊಡಿಸಿ, ದೇಹದಲ್ಲಿ ಮೆಲ್ಲಮೆಲ್ಲನೆ ಬಿಡುಗಡೆಯಾಗುವಂತೆ ಮಾಡಿದಾಗ 1957ರಲ್ಲಿ ಅಜಥಯೊಪ್ರಿನ್ ಹುಟ್ಟಿತು. ಇದೇ ಆಕೆಯ ಮೊದಲ ದೊಡ್ಡ ಪೂರ್ವೌಷಧ. 1962ರಿಂದ ರಕ್ತಸಂಬಂಧವಿಲ್ಲದವರ ಮೂತ್ರಪಿಂಡವನ್ನೂ ರೋಗಿಗೆ ಜೋಡಿಸಲು ಸಾಧ್ಯವಾದದ್ದು ಇದರ ಬಲದಿಂದ. ಒಂದು ವಸ್ತು ದೇಹವನ್ನು ಹೊಕ್ಕು ಏನೇನಾಗುತ್ತದೆಂದು ಬೆನ್ನಟ್ಟಿ ಹೋಗುವುದೇ ಆಕೆಯ ವಿಜ್ಞಾನದ ತಿರುಳೆಂದು ನಾನು ತಿಳಿದಿದ್ದೇನೆ.

ವೈರಸ್ಸಿಗೆ ಮದ್ದು ಹುಡುಕುವುದು ಹುಚ್ಚು ಸಾಹಸವೆಂದು ಬಹಳ ಮಂದಿ ಭಾವಿಸಿದ್ದ ಕಾಲವದು. ವೈರಸ್ ನಮ್ಮದೇ ಜೀವಕೋಶದೊಳಗೆ ಕುಳಿತು ನಮ್ಮದೇ ಸಾಮಗ್ರಿಯಿಂದ ಬೆಳೆಯುತ್ತದೆ. ಅದನ್ನು ಕೊಲ್ಲಹೋದರೆ ಕೋಶವೂ ಸಾಯುತ್ತದೆಂಬುದು ಅವರ ವಾದ. 1970ರ ದಶಕದಲ್ಲಿ ಎಲಿಯನ್ ಅವರ ತಂಡ ಇದಕ್ಕೆ ಉತ್ತರ ಕಂಡಿತು. ಸಹೋದ್ಯೋಗಿ ಹೊವಾರ್ಡ್ ಶೇಫರ್ ರೂಪಿಸಿದ ಎಸೈಕ್ಲೋವಿರ್ ಹರ್ಪಿಸ್ ಕುಲದ ವೈರಸ್ಸುಗಳನ್ನು ಅಡಗಿಸಿತು. ಆರೋಗ್ಯವಂತ ಕೋಶಗಳ ಗೊಡವೆಗೆ ಹೋಗಲಿಲ್ಲ. ಏಕೆಂಬುದನ್ನು ಎಲಿಯನ್ ಮತ್ತು ಸಂಗಡಿಗರು ಬಿಡಿಸಿದರು. ಎಸೈಕ್ಲೋವಿರ್ ತಾನಾಗಿಯೇ ನಿರುಪದ್ರವಿ. ವೈರಸ್ಸಿನ ಸ್ವಂತ ಕಿಣ್ವ ಅದಕ್ಕೆ ಮೊದಲ ಫಾಸ್ಫೇಟನ್ನು ಅಂಟಿಸಬೇಕು. ಉಳಿದ ಎರಡನ್ನು ಕೋಶದ ಕಿಣ್ವಗಳು ಸೇರಿಸುತ್ತವೆ. ಆಗ ಅದು ವೈರಸ್ಸಿನ ಡಿಎನ್‌ಎ ಸರಪಳಿಯನ್ನು ಹೊಕ್ಕು ಮುಂದೆ ಬೆಳೆಯದಂತೆ ಕಡಿದುಹಾಕುತ್ತದೆ. ಶತ್ರುವಿನ ಕೈಯಿಂದಲೇ ಆಯುಧವನ್ನು ಹದಗೊಳಿಸಿದಂತಾಯಿತು. 1982ರಲ್ಲಿ ಅಮೆರಿಕದ ಸರ್ಕಾರ ಇದಕ್ಕೆ ಮನ್ನಣೆಯಿತ್ತಿತು.

ನಮ್ಮ ನಾಡಿನವರು ಸರ್ಪಸುತ್ತು ಎನ್ನುವ ರೋಗ ಈ ಕುಲದ ವೈರಸ್ಸಿನದೇ ಕೆಲಸ. ಸೀತಾಳೆ ಸಿಡುಬು ಬಂದುಹೋದ ಮೇಲೆ ಆ ವೈರಸ್ ನರಗಳ ಬುಡದಲ್ಲಿ ಅಡಗಿದ್ದು, ದೇಹ ಕುಗ್ಗಿದಾಗ ಎದ್ದುಬರುತ್ತದೆ. ಸರ್ಪದ ಹೆಡೆಯೂ ಬಾಲವೂ ಕೂಡಿದರೆ ಪ್ರಾಣ ಉಳಿಯದೆಂದು ಹೆದರಿ, ಗುಳ್ಳೆಗಳ ಮೇಲೆ ಕೆಮ್ಮಣ್ಣು ಬಳಿದು, ಉರಿಯನ್ನು ಹಲ್ಲುಕಚ್ಚಿ ಸಹಿಸುತ್ತಿದ್ದ ಹಿರಿಯರನ್ನು ನಾನು ಚಿಕ್ಕಂದಿನಲ್ಲಿ ಕಂಡಿದ್ದೇನೆ. ಗುಳ್ಳೆಗಳು ಒಣಗಿದರೂ ತಿಂಗಳುಗಟ್ಟಲೆ ನೋವು ಬಿಡದವರುಂಟು. ಇಂಥವರಿಗೆ ಎಸೈಕ್ಲೋವಿರ್ ವರವೇ ಸರಿ. ಆದರೆ ಅದರಲ್ಲೊಂದು ಕೊರತೆಯಿತ್ತು. ನುಂಗಿದ ಮದ್ದಿನಲ್ಲಿ ಶೇಕಡಾ 15ರಿಂದ 20ರಷ್ಟು ಮಾತ್ರ ಕರುಳಿನಿಂದ ರಕ್ತಕ್ಕೆ ಸೇರುತ್ತಿತ್ತು. ಆದಕಾರಣ ಸರ್ಪಸುತ್ತಿಗೆ 800 ಮಿಲಿಗ್ರಾಮಿನ ಗುಳಿಗೆಯನ್ನು ದಿನಕ್ಕೆ 5 ಸಲ ನುಂಗಬೇಕಾಗಿತ್ತು.

ಎಲಿಯನ್ 1983ರಲ್ಲಿ ನಿವೃತ್ತರಾದರು. ಈ ತೊಡಕನ್ನು ಬಿಡಿಸಿದವರು ಅದೇ ಪ್ರಯೋಗಾಲಯದಲ್ಲಿ ಆಕೆಯೊಡನೆ ದುಡಿದಿದ್ದವರು. ಅವರು ಮೊದಲು ರೂಪಿಸಿದ ಪೂರ್ವೌಷಧವೊಂದನ್ನು ಎಸೈಕ್ಲೋವಿರ್ ಆಗಿ ಮಾರ್ಪಡಿಸುತ್ತಿದ್ದುದು, ಆಕೆ ಗೌಟಿನ ಸಂಶೋಧನೆಯಲ್ಲಿ ಚೆನ್ನಾಗಿ ಬಲ್ಲ ಆ ಹಳೆಯ ಕಿಣ್ವವೇ. ಅದು ಬಳಕೆಗೆ ಬರಲಿಲ್ಲ. ಆಮೇಲೆ ಅವರ ದೃಷ್ಟಿ ಅಮೈನೋ ಆಮ್ಲಗಳತ್ತ ಹೊರಳಿತು. ಬೇಳೆಯಿಂದಲೋ ಹಾಲಿನಿಂದಲೋ ಬಂದ ಪ್ರೋಟೀನು ಜೀರ್ಣವಾದಾಗ ದೊರೆಯುವ ಅಮೈನೋ ಆಮ್ಲಗಳನ್ನೂ ಅವುಗಳ ಕಿರು ಜೋಡಣೆಗಳನ್ನೂ ಒಳಕ್ಕೆ ಕೊಂಡೊಯ್ಯುವ ವಾಹಕ ಪ್ರೋಟೀನುಗಳು ಕರುಳಿನ ಗೋಡೆಯಲ್ಲಿವೆ. ಮದ್ದಿಗೆ ಅಮೈನೋ ಆಮ್ಲವೊಂದನ್ನು ಎಸ್ಟರ್ ಬಂಧದಿಂದ ಜೋಡಿಸಿದರೆ ವಾಹಕ ಅದನ್ನೂ ಆಹಾರದ ತುಣುಕೆಂದು ಎತ್ತಿಕೊಳ್ಳಬಹುದಲ್ಲವೇ? ಲಿಲಿಯಾ ಬೋಶಾಂ, ಥಾಮಸ್ ಕ್ರೆನಿಟ್ಸ್ಕಿ ಮೊದಲಾದವರು ಇಂಥ 18 ಎಸ್ಟರುಗಳನ್ನು ತಯಾರಿಸಿ ಇಲಿಗಳಲ್ಲಿ ಪರೀಕ್ಷಿಸಿ 1992ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ವ್ಯಾಲೀನ್ ಎಂಬ ಅಮೈನೋ ಆಮ್ಲದ್ದೇ ಎಲ್ಲಕ್ಕಿಂತ ಮೇಲಾಯಿತು. ಅದರಲ್ಲಿಯೂ ನಿಸರ್ಗದ ಪ್ರೋಟೀನುಗಳಲ್ಲಿರುವ ಎಲ್-ರೂಪವನ್ನು ಕರುಳು ಒಪ್ಪಿತು. ಅದರ ಕನ್ನಡಿಯ ಪ್ರತಿಬಿಂಬದಂತಿರುವ ಡಿ-ರೂಪವನ್ನು ಅಷ್ಟಾಗಿ ಒಪ್ಪಲಿಲ್ಲ. ಒಳಸೇರಿದ ಮೇಲೆ ಕರುಳಿನ ಮತ್ತು ಯಕೃತ್ತಿನ ಕಿಣ್ವಗಳು ಬಂಧವನ್ನು ಬಿಡಿಸುತ್ತವೆ. ಎಸೈಕ್ಲೋವಿರ್ ತನ್ನ ಕೆಲಸಕ್ಕೆ ಹೊರಡುತ್ತದೆ. ವ್ಯಾಲೀನ್ ಆಹಾರದೊಡನೆ ಬೆರೆತುಹೋಗುತ್ತದೆ. 1995ರಲ್ಲಿ ಮನ್ನಣೆ ಪಡೆದ ಈ ವ್ಯಾಲಸೈಕ್ಲೋವಿರ್ ನುಂಗಿದರೆ ಶೇಕಡಾ 54ರಷ್ಟು ಮದ್ದು ರಕ್ತಕ್ಕೆ ಸಲ್ಲುತ್ತದೆ. ದಿನಕ್ಕೆ 3 ಸಲ ಸಾಕು.

1988ರಲ್ಲಿ ಹಿಚಿಂಗ್ಸ್ ಮತ್ತು ಜೇಮ್ಸ್ ಬ್ಲ್ಯಾಕ್ ಅವರೊಡನೆ ಎಲಿಯನ್ ವೈದ್ಯಶಾಸ್ತ್ರದ ನೊಬೆಲ್ ಬಹುಮಾನ ಪಡೆದರು. ಆಕೆಯ ಸಂಜೆ ವ್ಯಾಸಂಗ ನಿಂತುಹೋಗಿದ್ದ ಸಂಸ್ಥೆಯೇ ಮುಂದೆ ಗೌರವ ಡಾಕ್ಟೊರೇಟನ್ನು ನೀಡಿತು. 1999ರ ಫೆಬ್ರವರಿ 21ರಂದು ಆಕೆ ಕಾಲವಾದರು. 2001ರಲ್ಲಿ ಅದೇ ವ್ಯಾಲೀನನ್ನು ಜೋಡಿಸಿದ ವ್ಯಾಲ್‌ಗ್ಯಾನ್‌ಸೈಕ್ಲೋವಿರ್ ಬಂದಿತು; ಅಂಗ ಜೋಡಣೆಯಾದವರನ್ನು ಕಾಡುವ ವೈರಸ್ಸೊಂದಕ್ಕೆ ಅದು ಮದ್ದು. 2020ರ ಮಹಾಮಾರಿಯಲ್ಲಿ ಮನೆಮಾತಾದ ರೆಮ್‌ಡೆಸಿವಿರ್ ಕೂಡ ಅಲನೀನ್ ಎಂಬ ಅಮೈನೋ ಆಮ್ಲದ ಭಾಗವನ್ನು ಹೊತ್ತು ಜೀವಕೋಶವನ್ನು ಹೊಗುವ ಪೂರ್ವೌಷಧವೇ.

ಎಲಿಯನ್ ಅವರ ಹೆಸರಿನ ಹಿಂದೆ ಪ್ರತಿಭೆಯಷ್ಟೇ ತಾಳ್ಮೆಯೂ ಇದೆ. ಉಪ್ಪಿನಕಾಯಿಯ ಹುಳಿಯನ್ನು ಅಳೆದ ಕೈ ಅದೇ ನಿಷ್ಠೆಯಿಂದ ರೋಗಿಯ ಮೂತ್ರದಲ್ಲಿ ಮದ್ದಿನ ಜಾಡನ್ನೂ ಅಳೆಯಿತು. ಮದ್ದು ಪರಿಣಾಮಕಾರಿಯೆಂದು ಕಂಡೊಡನೆ ಸಂತೋಷಪಟ್ಟು ಕೂರದೆ, ಅದು ಎಲ್ಲಿಗೆ ಹೋಯಿತು, ಏನಾಯಿತು, ಎಷ್ಟು ಉಳಿಯಿತು ಎಂದು ಕೇಳುವುದನ್ನು ಆಕೆ ಸಂಗಡಿಗರಿಗೆ ಕಲಿಸಿದರು. ವ್ಯಾಲಸೈಕ್ಲೋವಿರ್ ಆ ಪ್ರಶ್ನೆಗೆ ದೊರೆತ ಉತ್ತರಗಳಲ್ಲೊಂದು. ಗುಳ್ಳೆ ಕಾಣಿಸಿದ 3 ದಿನಗಳೊಳಗೆ ವೈದ್ಯರ ಬಳಿಗೆ ಹೋದ ರೋಗಿಗೆ ಆ ಉತ್ತರದ ಬೆಲೆ ಗೊತ್ತಾಗುತ್ತದೆ. ಕೇಳಿದಾಕೆಯ ಹೆಸರು ನಮ್ಮ ವಿದ್ಯಾರ್ಥಿಗಳಿಗಾದರೂ ಗೊತ್ತಿರಲಿ.