ಶಾಲೆಗೆ ಬಂದರೆ ದಿನಕ್ಕೆ ಎರಡು ಪೈಸೆ: ಕುದ್ಮುಲ್ ರಂಗರಾವ್

ಮಂಗಳೂರಿನ ಪುರಭವನಕ್ಕೆ ಕುದ್ಮುಲ್ ರಂಗರಾವ್ ಅವರ ಹೆಸರಿಡಲಾಗಿದೆ. ನಮ್ಮ ಚಾಮರಾಜನಗರ, ಗುಂಡ್ಲುಪೇಟೆ ಕಡೆಯಲ್ಲಿ ಆ ಹೆಸರು ಕೇಳಿದವರು ಕಡಿಮೆ. ಬಡ ಮಕ್ಕಳು ಶಾಲೆ ಬಿಡುವುದೇಕೆ, ಅವರ ಕುಟುಂಬಕ್ಕೆ ಯಾವ ನೆರವು ಬೇಕು ಎಂದು ಇಂದು ಅನೇಕರು ಸಂಶೋಧನೆ ನಡೆಸುತ್ತಿದ್ದಾರೆ. ಈ ಪ್ರಶ್ನೆಗೆ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಕೆಲಸದ ಮೂಲಕ ಉತ್ತರ ಹುಡುಕಿದವರು ಅವರು.

ರಂಗರಾವ್ ಹುಟ್ಟಿದ್ದು 1859ರ ಜೂನ್ 29ರಂದು, ಕಾಸರಗೋಡಿನ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ. ಹದಿನಾರನೇ ವಯಸ್ಸಿನಲ್ಲಿ ತಂದೆ ತೀರಿಕೊಂಡರು, ಮನೆಯ ಹೊರೆ ಹೆಗಲಿಗೆ ಬಿತ್ತು. ಮಂಗಳೂರಿಗೆ ಬಂದು ಅಲ್ಪ ಸಂಬಳಕ್ಕೆ ಶಿಕ್ಷಕರಾದರು. ದುಡಿಯುತ್ತಲೇ ಓದಿ ವಕೀಲರಾದರು. ಬಡವರ ವಕೀಲರೆಂದೇ ಹೆಸರಾದರು.

ಆ ಕಾಲದಲ್ಲಿ ದಲಿತ ಮಕ್ಕಳಿಗೆ ಶಾಲೆಯ ಬಾಗಿಲು ಮುಚ್ಚಿತ್ತು. ರಂಗರಾವ್ 1892ರಲ್ಲಿ ಅವರಿಗಾಗಿಯೇ ಶಾಲೆ ತೆರೆದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಸ್ಥಾಪಿಸಿದರು. ಮೇಲ್ಜಾತಿಯವರು ವಿರೋಧಿಸಿದರು. ಸ್ವಂತ ಜನರೇ ಬಹಿಷ್ಕಾರ ಹಾಕಿದರು. ಪಾಠ ಹೇಳಲು ಶಿಕ್ಷಕರು ಸಿಗುವುದೂ ಕಷ್ಟವಾಯಿತು.

ಶಾಲೆ ತೆರೆದ ಮಾತ್ರಕ್ಕೆ ಮಕ್ಕಳು ಬರಲಿಲ್ಲ. ಬಡವರ ಮನೆಯಲ್ಲಿ ಮಗುವಿನ ದುಡಿಮೆಯೂ ಆ ದಿನದ ಗಂಜಿಗೆ ಸೇರುತ್ತಿತ್ತು. ಇದನ್ನು ಅರಿತ ರಂಗರಾವ್ ಪೋಷಕರನ್ನು ದೂರಲಿಲ್ಲ. ಶಾಲೆಗೆ ಬರುವ ಪ್ರತಿ ಮಗುವಿಗೂ ದಿನಕ್ಕೆ ಎರಡು ಪೈಸೆ ಕೊಟ್ಟರು, ಮಧ್ಯಾಹ್ನ ಊಟ ಹಾಕಿದರು. ನೇಯ್ಗೆ, ಮರಗೆಲಸ ಕಲಿಸಿದರು. ಕುಟುಂಬಗಳಿಗೆ ವಾಸಕ್ಕೆ ಜಾಗ ಒದಗಿಸಿದರು. ಮಗು ಉಳಿಯಬೇಕಾದರೆ ಮನೆ ಉಳಿಯಬೇಕೆಂಬುದು ಅವರು ಕಂಡುಕೊಂಡ ಸತ್ಯ.

ಬೇರೆಯವರಿಗೆ ಹೇಳಿದ್ದನ್ನು ಅವರು ತಮ್ಮ ಮನೆಯಲ್ಲೂ ಮಾಡಿದರು. ವಿಧವೆಯಾಗಿದ್ದ ಮಗಳು ರಾಧಾಬಾಯಿಗೆ ಬೇರೆ ಜಾತಿಯ ಪಿ. ಸುಬ್ಬರಾಯನ್ ಅವರೊಂದಿಗೆ ಮರುಮದುವೆ ಮಾಡಿಸಿದರು. ಸುಬ್ಬರಾಯನ್ ಮುಂದೆ ಮದ್ರಾಸ್ ಪ್ರಾಂತ್ಯದ ಮುಖ್ಯಮಂತ್ರಿಯಾದರು. ರಾಧಾಬಾಯಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ಭಾಗವಹಿಸಿದರು. ರಂಗರಾವ್ 1928ರ ಜನವರಿ 30ರಂದು ನಿಧನರಾದರು. ತಮ್ಮ ಅಂತ್ಯಕ್ರಿಯೆಯನ್ನು ದಲಿತರೇ ನೆರವೇರಿಸಬೇಕೆಂಬುದು ಅವರ ಕೊನೆಯ ಆಸೆಯಾಗಿತ್ತು. 1934ರಲ್ಲಿ ಮಂಗಳೂರಿಗೆ ಬಂದ ಗಾಂಧೀಜಿ ಅವರ ಸಂಸ್ಥೆಗೆ ಭೇಟಿಯಿತ್ತರು.

ಅವರು ಕೈಯಿಂದ ಮಾಡಿದ್ದನ್ನು ಸರ್ಕಾರಗಳು ಬಹಳ ತಡವಾಗಿ ಯೋಜನೆಗಳಾಗಿ ತಂದವು. ಅಂಗನವಾಡಿಗಳ ಯೋಜನೆ 1975ರಲ್ಲಿ ಆರಂಭವಾದಾಗ ಕರ್ನಾಟಕದಲ್ಲಿ ಮೊದಲು ಬಂದದ್ದು ನಮ್ಮ ಪಕ್ಕದ ಟಿ. ನರಸೀಪುರಕ್ಕೆ. ಶಾಲೆಗಳ ಬಿಸಿಯೂಟ ಬಂದದ್ದು ಇನ್ನೂ ತಡವಾಗಿ.

ಆದರೂ ಹಾಜರಿ ಪುಸ್ತಕದಲ್ಲಿ ಕೆಲವು ಹೆಸರುಗಳ ಮುಂದೆ ಇಂದಿಗೂ ಸಾಲು ಸಾಲು ಗೈರುಹಾಜರಿ ಕಾಣುತ್ತದೆ. ಕಾರಣ ಅರಿಶಿನದ ಹೊಲದ ಕೂಲಿ ಇರಬಹುದು, ತಾಯಿಯ ಕಾಯಿಲೆ ಇರಬಹುದು, ಗುಟ್ಟಾಗಿ ಗೊತ್ತುಮಾಡಿದ ಮದುವೆಯೂ ಇರಬಹುದು. ಪಕ್ಕದಲ್ಲಿ ಕೂರುವ ಗೆಳೆಯ, ಗೆಳತಿಗೆ ಅದು ಉಪನ್ಯಾಸಕರಿಗಿಂತ ಮೊದಲೇ ತಿಳಿಯುತ್ತದೆ. ಹದಿನೆಂಟು ತುಂಬದವರ ಕಷ್ಟಕ್ಕೆ ಮಕ್ಕಳ ಸಹಾಯವಾಣಿ 1098 ಇದೆ. ಗೈರುಹಾಜರಾದವರನ್ನು ಗೇಲಿ ಮಾಡುವ ಮೊದಲು, ಏಕೆ ಬರಲಿಲ್ಲ ಎಂದು ಮನೆಗೆ ಹೋಗಿ ಕೇಳೋಣ. ರಂಗರಾವ್ ಅವರ ಕೆಲಸ ಆರಂಭವಾದದ್ದೂ ಈ ಪ್ರಶ್ನೆಯಿಂದಲೇ.