ಪೈನ್ ಮರಗಳ ನಡುವೆ ಬಾಬಿ ಜೋನ್ಸ್

1876ರಲ್ಲಿ ಸ್ಥಾಪನೆಯಾದ ಬೆಂಗಳೂರು ಗಾಲ್ಫ್ ಕ್ಲಬ್ಬಿನ ಮೈದಾನ ಹೈಗ್ರೌಂಡ್ಸಿನಲ್ಲಿದೆ. ಅದರ ಬೇಲಿಯ ಪಕ್ಕದಲ್ಲಿ ಓಡಾಡಿದ ನಮ್ಮವರು ಬಹಳ ಮಂದಿ. ಒಳಗೆ ನಡೆಯುವ ಆಟವನ್ನು ಬಲ್ಲವರು ಕೆಲವರೇ. ನೋಡುವುದಕ್ಕೆ ಆಟ ಸರಳವಾದುದು. ಸಣ್ಣ ಬಿಳಿಯ ಚೆಂಡೊಂದನ್ನು ಕೋಲಿನಿಂದ ಹೊಡೆಯುತ್ತ ಹೋಗಿ, ದೂರದ ಹಸುರು ಹಾಸಿನಲ್ಲಿ ತೋಡಿದ ಕುಳಿಗೆ ಬೀಳಿಸಬೇಕು. ಇಂತಹ ಕುಳಿಗಳು 18. ಎಲ್ಲರಿಗಿಂತ ಕಡಿಮೆ ಹೊಡೆತಗಳಲ್ಲಿ ಮುಗಿಸಿದವನಿಗೆ ಗೆಲುವು. ಚೆಂಡು ಇಟ್ಟಲ್ಲೇ ಇರುತ್ತದೆ. ಎದುರಾಳಿ ಅಡ್ಡ ಬರುವುದಿಲ್ಲ. ಆದುದರಿಂದ ಹೊಡೆತ ತಪ್ಪಿದರೆ ದೂರುವುದಕ್ಕೆ ಬೇರೆ ಯಾರೂ ಸಿಕ್ಕುವುದಿಲ್ಲ. ಈ ಆಟದಲ್ಲಿ ಜಗತ್ತನ್ನೇ ಗೆದ್ದು, ಅದಕ್ಕೂ ಮೊದಲು ತನ್ನ ಕೋಪವನ್ನು ಗೆಲ್ಲಬೇಕಾಗಿ ಬಂದ ಒಬ್ಬ ಆಟಗಾರನ ಜೀವನ ಬಲು ಸ್ವಾರಸ್ಯವಾದುದು.

ಬಾಬಿ ಜೋನ್ಸ್ ಅಮೆರಿಕದ ಜಾರ್ಜಿಯ ಸಂಸ್ಥಾನದ ಅಟ್ಲಾಂಟ ನಗರದಲ್ಲಿ 1902ನೆಯ ಇಸವಿ ಮಾರ್ಚ್ 17ರಂದು ಹುಟ್ಟಿದನು. ತಂದೆ ವಕೀಲ. ಹುಡುಗ ಹುಟ್ಟಿನಿಂದಲೂ ರೋಗಿಷ್ಠ. ಬಯಲಿನ ಗಾಳಿಯಾದರೂ ಮಗುವಿಗೆ ಸಿಗಲೆಂದು ತಂದೆತಾಯಿಗಳು ನಗರದ ಹೊರಗೆ, ಈಸ್ಟ್ ಲೇಕ್ ಎಂಬ ಗಾಲ್ಫ್ ಮೈದಾನದ ಬಳಿ ಮನೆ ಹಿಡಿದರು. ಅಲ್ಲಿ ಆಟ ಕಲಿಸಲು ಸ್ಟೂವರ್ಟ್ ಮೇಡನ್ ಎಂಬ ಸ್ಕಾಟ್ಲೆಂಡಿನವನಿದ್ದನು. ಹುಡುಗನು ಅವನಲ್ಲಿ ಕ್ರಮವಾಗಿ ಪಾಠ ಹೇಳಿಸಿಕೊಳ್ಳಲಿಲ್ಲ; ಹಿಂದೆ ಹಿಂದೆ ಸುತ್ತುತ್ತ, ಅವನು ಕೋಲು ಬೀಸುವ ರೀತಿಯನ್ನು ಕಣ್ಣಿನಲ್ಲೇ ಕಲಿತುಕೊಂಡನು.

1916ರಲ್ಲಿ, 14 ವರ್ಷದ ಬಾಲಕನಾಗಿ, ಅವನು ಅಮೆರಿಕದ ಹವ್ಯಾಸಿ ಆಟಗಾರರ ಚಾಂಪಿಯನ್‌ಷಿಪ್ಪಿಗೆ ಇಳಿದನು. ಆ ವರ್ಷದ ಸ್ಪರ್ಧೆ ನಡೆದುದು ಫಿಲಡೆಲ್ಫಿಯದ ಹತ್ತಿರದ ಮೆರಿಯನ್ ಮೈದಾನದಲ್ಲಿ. ಮರಗಳು, ಹಳ್ಳ, ಹಳೆಯ ಕಲ್ಲುಗಣಿ ಇವುಗಳ ನಡುವೆ ಹೆಣೆದ ಇಕ್ಕಟ್ಟಾದ ಮೈದಾನವದು. ಅಲ್ಲಿ ಕುಳಿಯ ಗುರುತಿಗೆ ಬಾವುಟದ ಬದಲು ಕಂಬದ ತುದಿಯಲ್ಲಿ ಬೆತ್ತದ ಬುಟ್ಟಿಯನ್ನು ಇಡುತ್ತಾರೆ. ಬಾವುಟವಾದರೆ ಹಾರಾಡಿ ಗಾಳಿಯ ದಿಕ್ಕು ತಿಳಿಸೀತು. ಬುಟ್ಟಿ ಏನನ್ನೂ ಹೇಳುವುದಿಲ್ಲ. ಹುಡುಗನು ದೊಡ್ಡವರಿಬ್ಬರನ್ನು ಸೋಲಿಸಿದನು; ಮೂರನೆಯ ಪಂದ್ಯದಲ್ಲಿ ಹಿಂದಿನ ವರ್ಷದ ಚಾಂಪಿಯನ್ ರಾಬರ್ಟ್ ಗಾರ್ಡ್ನರನಿಗೆ ಸೋತನು. ನೋಡಿದವರು ಅವನ ಆಟವನ್ನು ಮೆಚ್ಚಿದರು. ಹೊಡೆತ ಕೆಟ್ಟಾಗಲೆಲ್ಲ ಕೋಲನ್ನು ಎಸೆಯುವ ಅವನ ಸಿಟ್ಟನ್ನೂ ಕಂಡರು.

ಈ ಸಿಟ್ಟು ಏಳು ವರ್ಷಗಳ ಕಾಲ ಅವನನ್ನು ಕಾಡಿತು. ಕೈಯಲ್ಲಿ ಅಷ್ಟು ಕೌಶಲವಿದ್ದರೂ ದೊಡ್ಡ ಪ್ರಶಸ್ತಿ ಒಂದೂ ಬರಲಿಲ್ಲ. 1921ರಲ್ಲಿ ಗಾಲ್ಫಿನ ತವರಾದ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸಿನಲ್ಲಿ ಬ್ರಿಟಿಷ್ ಓಪನ್ ಆಡುತ್ತಿದ್ದಾಗ, ಮೂರನೆಯ ಸುತ್ತಿನ 11ನೆಯ ಕುಳಿಯ ಬಳಿ ಮರಳುಗುಂಡಿಗೆ ಬಿದ್ದ ಚೆಂಡಿನೊಡನೆ ಹೆಣಗಿ, ಬೇಸತ್ತು, ಆಟವನ್ನೇ ಬಿಟ್ಟನು. ಪಂದ್ಯವನ್ನು ಅರ್ಧಕ್ಕೆ ಬಿಡುವುದು ಆ ಊರಿನಲ್ಲಿ ಸಣ್ಣ ತಪ್ಪಲ್ಲ. ಆ ನಾಚಿಕೆ ಅವನನ್ನು ತಿದ್ದಿತು ಎನ್ನಬೇಕು. ಆಮೇಲೆ ಅವನ ಸಿಟ್ಟು ಕೋಲಿನವರೆಗೆ ಬರುವುದು ನಿಂತಿತು.

1923ರಲ್ಲಿ ಅಮೆರಿಕದ ಓಪನ್ ಅವನ ಪಾಲಾಯಿತು. 1924ರಲ್ಲಿ ಅದೇ ಮೆರಿಯನ್ನಿನಲ್ಲಿ ಹವ್ಯಾಸಿಗಳ ಚಾಂಪಿಯನ್‌ಷಿಪ್ಪನ್ನೂ ಗೆದ್ದನು. ಆದರೆ ಅವನ ನಿಜವಾದ ಗೆಲುವು 1925ರಲ್ಲಿ, ಅವನು ಸೋತ ಒಂದು ಪಂದ್ಯದಲ್ಲಿ, ಕಾಣಿಸುತ್ತದೆ. ವೂಸ್ಟರಿನಲ್ಲಿ ಅಮೆರಿಕದ ಓಪನ್ನಿನ ಮೊದಲನೆಯ ಸುತ್ತು. ಎತ್ತರದ ಹುಲ್ಲಿನಲ್ಲಿದ್ದ ಚೆಂಡನ್ನು ಹೊಡೆಯಲು ಸಿದ್ಧನಾಗುವಾಗ ಅವನ ಕೋಲು ಹುಲ್ಲಿಗೆ ತಾಕಿ ಚೆಂಡು ಕೂದಲೆಳೆಯಷ್ಟು ಅಲುಗಿತು. ಬೇರೆ ಯಾರೂ ಅದನ್ನು ಕಾಣಲಿಲ್ಲ, ಅಧಿಕಾರಿಗಳೂ ಕಾಣಲಿಲ್ಲ. ಆದರೂ ಅವನು ತಾನೇ ಹೇಳಿ, ಲೆಕ್ಕಕ್ಕೆ ಒಂದು ಹೊಡೆತವನ್ನು ದಂಡವಾಗಿ ಸೇರಿಸಿಕೊಂಡನು. ನಾಲ್ಕು ಸುತ್ತುಗಳ ಕೊನೆಯಲ್ಲಿ ಅವನೂ ವಿಲ್ಲಿ ಮ್ಯಾಕ್‌ಫಾರ್ಲೇನನೂ ಸಮವಾದರು. ಮರುದಿನದ ನಿರ್ಣಾಯಕ ಆಟದಲ್ಲಿ ಜೋನ್ಸ್ ಒಂದೇ ಹೊಡೆತದಿಂದ ಸೋತನು. ಆ ಒಂದು ದಂಡವಿಲ್ಲದಿದ್ದರೆ ನಿರ್ಣಾಯಕ ಆಟವೇ ಬೇಕಾಗುತ್ತಿರಲಿಲ್ಲ. ಜನ ಹೊಗಳಿದಾಗ ಅವನಿಗೆ ಅದು ಹಿಡಿಸಲಿಲ್ಲ. ನಿಯಮದಂತೆ ನಡೆದುದಕ್ಕೆ ಹೊಗಳಿಕೆಯೇಕೆ ಎಂಬುದು ಅವನ ಭಾವನೆ.

1930 ಅವನ ಮಹಾವರ್ಷ. ಬ್ರಿಟನ್ನಿನ ಹವ್ಯಾಸಿ ಮತ್ತು ಓಪನ್, ಅಮೆರಿಕದ ಓಪನ್ ಮತ್ತು ಹವ್ಯಾಸಿ, ಈ ನಾಲ್ಕೂ ಚಾಂಪಿಯನ್‌ಷಿಪ್ಪುಗಳನ್ನು ಒಂದೇ ವರ್ಷ ಗೆದ್ದನು. ಅವನಿಗೆ ಮೊದಲು ಯಾರೂ ಗೆದ್ದಿರಲಿಲ್ಲ, ಮುಂದೆಯೂ ಗೆಲ್ಲಲಿಲ್ಲ. ನಾಲ್ಕನೆಯದು ಮುಗಿದುದು ಮತ್ತೆ ಮೆರಿಯನ್ನಿನಲ್ಲೇ. ಸೆಪ್ಟೆಂಬರ್ 27ರಂದು ಯೂಜೀನ್ ಹೋಮನ್ಸನೊಡನೆ ನಡೆದ ಅಂತಿಮ ಪಂದ್ಯ, ಹಳ್ಳ ಸುತ್ತಿಕೊಂಡಿರುವ 11ನೆಯ ಹಸುರಿನ ಮೇಲೆ ಕೊನೆಗೊಂಡಿತು. ಮುತ್ತಿದ ಜನಜಂಗುಳಿಯಿಂದ ಅವನನ್ನು ಕಾಪಾಡಿ ಕರೆತರಲು ಸೈನಿಕರೇ ಬೇಕಾದರು. ಕೋಲೆಸೆದ ಬಾಲಕನನ್ನು ಕಂಡಿದ್ದ ಮೈದಾನವೇ ಈ ದಿನವನ್ನೂ ಕಂಡಿತು.

ಆ ನವೆಂಬರಿನಲ್ಲೇ ಅವನು ಸ್ಪರ್ಧೆಗಳಿಂದ ನಿವೃತ್ತನಾದನು. ವಯಸ್ಸು 28, ದೊಡ್ಡ ಪ್ರಶಸ್ತಿಗಳು 13. ಸ್ಪರ್ಧಿಸಿದಷ್ಟು ಕಾಲವೂ ಹಣಕ್ಕಾಗಿ ಆಡಲಿಲ್ಲ. ಇದರ ನಡುವೆಯೇ ಜಾರ್ಜಿಯ ಟೆಕ್ಕಿನಲ್ಲಿ ಎಂಜಿನಿಯರಿಂಗ್, ಹಾರ್ವರ್ಡಿನಲ್ಲಿ ಇಂಗ್ಲಿಷ್ ಸಾಹಿತ್ಯ, ಎಮೊರಿಯಲ್ಲಿ ಕಾನೂನು ಓದಿ ವಕೀಲನಾಗಿದ್ದನು.

ಇನ್ನು ಅವನಿಗೆ ಬೇಕಾದುದು ಗೆಳೆಯರೊಡನೆ ಆಡುವ ಒಂದು ಮೈದಾನ. ಅದೇ ಸಂಸ್ಥಾನದ ಆಗಸ್ಟ ಪಟ್ಟಣದಲ್ಲಿ ಬೆಲ್ಜಿಯಂ ಮೂಲದ ಬರ್ಕ್‌ಮನ್ಸ್ ಮನೆತನದವರು ಹಿಂದೆ ನಡೆಸಿದ್ದ ಸಸ್ಯೋದ್ಯಾನವೊಂದು ಮಾರಾಟಕ್ಕಿತ್ತು. ವಿಸ್ತಾರ 365 ಎಕರೆ. ಎತ್ತರವಾದ ಪೈನ್ ಮರಗಳು, ದಾರಿಯ ಎರಡೂ ಕಡೆ ಅಂತರ್ಯುದ್ಧಕ್ಕೂ ಮೊದಲು ನೆಟ್ಟ ಮ್ಯಾಗ್ನೋಲಿಯ ಸಾಲು, ಇಳಿಜಾರಿನ ಕೆಳಗೆ ಹೊಳೆ. ಜೋನ್ಸ್ ಮತ್ತು ಅವನ ಮಿತ್ರ ಕ್ಲಿಫರ್ಡ್ ರಾಬರ್ಟ್ಸ್ 1931ರಲ್ಲಿ ಇದನ್ನು ಕೊಂಡರು. ಮೈದಾನವನ್ನು ರಚಿಸಿದವನು ಅಲಿಸ್ಟರ್ ಮೆಕೆನ್ಸಿ. ವೈದ್ಯನಾಗಿ ಕಲಿತು, ಆ ವೃತ್ತಿ ಬಿಟ್ಟು ಗಾಲ್ಫ್ ಮೈದಾನಗಳನ್ನು ಕಟ್ಟಿದವನು. ಕೆಲಸ ನಡೆಯುತ್ತಿರುವಾಗಲೇ ಜೋನ್ಸ್ ಅಲ್ಲಲ್ಲಿ ನಿಂತು ಚೆಂಡುಗಳನ್ನು ಹೊಡೆದು ನೋಡಿ, ಹಸುರು ಹಾಸು ಎಲ್ಲಿ, ಹೇಗೆ ಬಾಗಿರಬೇಕೆಂದು ತಿಳಿಸುತ್ತಿದ್ದನು.

ಆಗಸ್ಟದ ಮೈದಾನ ಮೊದಲ ನೋಟಕ್ಕೆ ಸುಲಭವೆನಿಸುವಂತೆ ಕಟ್ಟಿದ್ದು. ಆಟದ ಹಾದಿಗಳು ಅಗಲವಾಗಿದ್ದವು. ಮರಳುಗುಂಡಿಗಳು ಆರಂಭದಲ್ಲಿ 22 ಮಾತ್ರ. ಆದರೆ ಹಸುರು ಹಾಸುಗಳು ಎಷ್ಟು ಏರುತಗ್ಗಾಗಿವೆಯೆಂದರೆ, ಹಾದಿಯ ಯಾವ ಮಗ್ಗುಲಿನಿಂದ ಬಂದೆವೆಂಬುದೇ ಮುಂದಿನ ಹೊಡೆತವನ್ನು ನಿರ್ಧರಿಸುತ್ತದೆ. ಪ್ರತಿಯೊಂದು ಕುಳಿಗೂ ಒಂದು ಗಿಡದ ಇಲ್ಲವೆ ಮರದ ಹೆಸರು. 12ನೆಯದು ಕೇವಲ 155 ಗಜ. ಒಂದೇ ಹೊಡೆತದ ದೂರ. ಮುಂದೆ ಹೊಳೆ, ಹಿಂದೆ ಮರಳು, ನಡುವೆ ಕಿರಿದಾದ ಹಸುರು. ಗಾಳಿ ಪೈನ್ ಮರಗಳ ನಡುವೆ ಸುಳಿಸುಳಿದು ಬರುವುದರಿಂದ ಯಾವ ಕೋಲು ಹಿಡಿಯಬೇಕೆಂದು ಅನುಭವಸ್ಥರೂ ತಡವರಿಸುತ್ತಾರೆ. 13ನೆಯದು ಎಡಕ್ಕೆ ತಿರುಗುತ್ತದೆ. ಎರಡನೆಯ ಹೊಡೆತದಲ್ಲೇ ನೀರು ದಾಟಿಸುವ ಧೈರ್ಯ ಮಾಡಬಹುದು. ಇಲ್ಲವೇ ಈಚೆಗೇ ನಿಲ್ಲಿಸಿ ತಾಳಬಹುದು. ಬಲಕ್ಕಿಂತ ವಿವೇಕವನ್ನು ಪರೀಕ್ಷಿಸುವ ಮೈದಾನ. ತಾಳ್ಮೆಯನ್ನು ಕಷ್ಟಪಟ್ಟು ಕಲಿತವನು ಅಂಥದನ್ನೇ ಕಟ್ಟಿಸಿದುದು ಸಹಜ.

1934ರ ಮಾರ್ಚಿನಲ್ಲಿ ಅಲ್ಲಿ ಮೊದಲ ಸ್ಪರ್ಧೆ ನಡೆಯಿತು. ಮೆಕೆನ್ಸಿ ಅದನ್ನು ನೋಡದೆ ಎರಡು ತಿಂಗಳ ಹಿಂದೆಯೇ ತೀರಿಕೊಂಡಿದ್ದನು. ಜೋನ್ಸನೂ ಆಡಿದನು, 13ನೆಯ ಸ್ಥಾನ ಬಂದಿತು. ಈ ಸ್ಪರ್ಧೆಯೇ ಮುಂದೆ ಮಾಸ್ಟರ್ಸ್ ಎಂಬ ಹೆಸರಿನಿಂದ ಲೋಕಪ್ರಸಿದ್ಧವಾಯಿತು.

ಒಂದು ಮಾತನ್ನು ಮುಚ್ಚಿಡುವಂತಿಲ್ಲ. ಈ ಮರಗಳ ನೆರಳು ಎಲ್ಲರದಾಗಿರಲಿಲ್ಲ. ಆಟಗಾರರ ಚೀಲ ಹೊರುವವರು ಕರಿಯರು, ಆಡುವವರು ಬಿಳಿಯರು. ಜೋನ್ಸ್ ಬದುಕಿರುವವರೆಗೂ ಒಬ್ಬ ಕರಿಯ ಆಟಗಾರನೂ ಮಾಸ್ಟರ್ಸ್ ಆಡಲಿಲ್ಲ. ಲೀ ಎಲ್ಡರ್ ಮೊದಲಿಗನಾಗಿ ಆಡಿದುದು 1975ರಲ್ಲಿ. ಕ್ಲಬ್ಬಿಗೆ ಮೊದಲ ಕರಿಯ ಸದಸ್ಯ ಸೇರಿದುದು 1990ರಲ್ಲಿ. ಚೆಂಡು ಕೂದಲೆಳೆಯಷ್ಟು ಅಲುಗಿದುದನ್ನೂ ಎಣಿಸಿದವನ ಅಂಗಳದಲ್ಲಿ ಈ ದೊಡ್ಡ ಲೆಕ್ಕ ಬಾಕಿ ಉಳಿಯಿತು.

1948ರ ಹೊತ್ತಿಗೆ ಅವನ ಕೈಕಾಲುಗಳ ಶಕ್ತಿ ಕುಂದತೊಡಗಿತು. ಬೆನ್ನುಹುರಿಯೊಳಗೆ ಬೆಳೆಯುವ ವಾಸಿಯಾಗದ ರೋಗ. ಆ ವರ್ಷದ ನಂತರ ಅವನು ಮತ್ತೆ ಗಾಲ್ಫ್ ಆಡಲಿಲ್ಲ. ಮೊದಲು ಊರುಗೋಲು, ಆಮೇಲೆ ಗಾಲಿಕುರ್ಚಿ. ಹಿಂದೆ ಒಂದು ತಪ್ಪು ಹೊಡೆತವನ್ನು ಸಹಿಸಲಾರದೆ ಹೋದವನು ಇಪ್ಪತ್ತು ವರ್ಷಕ್ಕೂ ಮಿಕ್ಕಿ ಈ ನೋವನ್ನು ಗೊಣಗದೆ ಸಹಿಸಿದನು. 1958ರಲ್ಲಿ ಸೇಂಟ್ ಆಂಡ್ರೂಸಿನವರು ಅವನನ್ನು ಕರೆಸಿ ತಮ್ಮ ಊರಿನ ಗೌರವ ಪೌರತ್ವ ಕೊಟ್ಟರು. ಬೆಂಜಮಿನ್ ಫ್ರ್ಯಾಂಕ್ಲಿನ್ನನ ತರುವಾಯ ಆ ಗೌರವ ಪಡೆದ ಅಮೆರಿಕನ್ ಇವನೇ. ಪಂದ್ಯ ಬಿಟ್ಟು ಹೊರನಡೆದ ತರುಣನನ್ನು ಆ ಊರು ಎಂದೋ ಕ್ಷಮಿಸಿತ್ತು.

1971ರ ಡಿಸೆಂಬರ್ 18ರಂದು ಬಾಬಿ ಜೋನ್ಸ್ ಅಟ್ಲಾಂಟದಲ್ಲಿ ನಿಧನನಾದನು. ಅವನ ಗೆಲುವುಗಳ ಪಟ್ಟಿ ಪುಸ್ತಕಗಳಲ್ಲಿದೆ. ಅಮೆರಿಕದ ಗಾಲ್ಫ್ ಸಂಘ 1955ರಿಂದ ಅವನ ಹೆಸರಿನಲ್ಲಿ ಒಂದು ಪ್ರಶಸ್ತಿ ಕೊಡುತ್ತ ಬಂದಿದೆ. ಅದು ಹೆಚ್ಚು ಪಂದ್ಯ ಗೆದ್ದವರಿಗಲ್ಲ, ಆಟದಲ್ಲಿ ಒಳ್ಳೆಯ ನಡತೆ ತೋರಿದವರಿಗೆ. ಕೋಲೆಸೆಯುತ್ತಿದ್ದ ಹುಡುಗನ ಹೆಸರು ಅಂತಹ ಪ್ರಶಸ್ತಿಗೆ ಬಂದಿತೆಂಬುದನ್ನು ನಮ್ಮ ಮಕ್ಕಳು ತಿಳಿದಿರಬೇಕು. ಸಿಟ್ಟಿನ ಮಕ್ಕಳನ್ನು ಸಾಕುತ್ತಿರುವ ತಂದೆತಾಯಿಗಳಿಗೂ ಇದರಲ್ಲಿ ಸಮಾಧಾನವುಂಟು.